ಮಂಗಳೂರಿನಲ್ಲಿ ಅರ್ಧ ದಿನ ಬಿಡುವಿದೆ. ಬ್ರಿಟಿಷರ ಕಾಲದ ಒಂದೇ ಒಂದು ಚರ್ಚ್ ನೋಡುವುದಾದರೆ ಯಾವುದು?

ಅನುಮಾನವೇ ಬೇಡ, ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಹಂಪನಕಟ್ಟೆಯಿಂದ ನಡೆದೇ ತಲುಪಬಹುದು. ಸ್ವಲ್ಪ ಏರು ಹತ್ತಬೇಕು, ಅಷ್ಟೆ.

ಹೊರಗಿನಿಂದ ನೋಡಿ ಇಷ್ಟೇನಾ ಎಂದುಕೊಳ್ಳಬೇಡಿ. ಒಳಗೆ ಗೋಡೆ, ಕಮಾನು, ಛಾವಣಿ ಎಲ್ಲವೂ ಚಿತ್ರಮಯ. ಇಟಲಿಯವರಾದ, ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಆರಂಭಿಸಿ ಸುಮಾರು ಎರಡು ವರ್ಷಗಳಲ್ಲಿ ಇವನ್ನು ಬರೆದು ಮುಗಿಸಿದರು. ಕೆಲವು ಕ್ಯಾನ್ವಾಸ್ ಮೇಲಿನ ತೈಲಚಿತ್ರಗಳು, ಉಳಿದವು ಫ್ರೆಸ್ಕೊಗಳು. ಫ್ರೆಸ್ಕೊ ಎಂದರೆ ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚುವ ಕೆಲಸ. ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಅಂದಂದಿಗೆ ಬಳಿದಷ್ಟನ್ನು ಅಂದೇ ಮುಗಿಸಬೇಕು, ತಿದ್ದಲು ಅವಕಾಶ ತೀರಾ ಕಡಿಮೆ. ಕರಾವಳಿಯ ಈ ಸೆಕೆಯಲ್ಲಿ, ಅಟ್ಟಣಿಗೆಯ ಮೇಲೆ ಅಂಥ ಕೆಲಸ ಮಾಡಿದ ಕೈಗಳನ್ನು ನೆನೆದರೆ ನನಗೆ ಇಂದಿಗೂ ಗೌರವ ಉಕ್ಕುತ್ತದೆ.

ಮೊದಲು ಛಾವಣಿ ನೋಡಿ: ಅರಮನೆಯ ಬದುಕು ತೊರೆದು, ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ 1591ರಲ್ಲಿ, 23ನೆಯ ವಯಸ್ಸಿನಲ್ಲೇ ತೀರಿಕೊಂಡ ಅಲೋಶಿಯಸ್ ಗೊನ್ಜಾಗರ ಜೀವನ ಅಲ್ಲಿದೆ. ಕತೆ ಗೊತ್ತಿದ್ದರೆ ಚಿತ್ರಗಳು ತಾವಾಗಿಯೇ ತೆರೆದುಕೊಳ್ಳುತ್ತವೆ.

ಇದು ಪ್ರಾರ್ಥನೆ ನಡೆಯುವ ಜಾಗ, ಜೊತೆಗೆ ಕಾಲೇಜಿನ ಆವರಣ. ಪೂಜೆಯ ಹೊತ್ತು ತಪ್ಪಿಸಿ ಹೋಗಿ, ಫೋಟೊ ತೆಗೆಯುವ ಮುನ್ನ ಅಲ್ಲಿನವರನ್ನು ಕೇಳಿ.