ಬೇಲಿ ಹಾಕಿದ ಮೇಲೆ ಮಳೆಹೊಂಡ ಬೇಗ ಬತ್ತುತ್ತಿದ್ದರೆ

ಚಳಿಗಾಲದ ಮಳೆಗೆ ತುಂಬಿ ವಸಂತದಲ್ಲಿ ಬತ್ತುವ ನಿಮ್ಮ ಮಳೆಹೊಂಡ, ಸುತ್ತ ಬೇಲಿ ಹಾಕಿದ ಮೇಲೆ ಬೇಗ ಬತ್ತುತ್ತಿರುವುದೇಕೆ ಎಂದು ಕೇಳಿದ್ದೀರಿ. ಬೇಲಿ ದನಗಳನ್ನು ಹೊರಗಿಟ್ಟಿದ್ದೇ ಕಾರಣವಿರಬೇಕು. ಕ್ಯಾಲಿಫೋರ್ನಿಯಾದ ಮರ್ಸೆಡ್ ಬಯಲಲ್ಲಿ ತುಂಬಿಕೊಂಡಿರುವುದು ಹೆಚ್ಚಾಗಿ ಹೊರಗಿನಿಂದ ಬಂದ ವಾರ್ಷಿಕ ಹುಲ್ಲು. ಮೇಯದೆ ಬಿಟ್ಟರೆ ಅದು ಹೊಂಡದ ಅಂಚಿಗೆ ದಟ್ಟವಾಗಿ ನುಗ್ಗಿ ನೀರು ಹೀರುತ್ತದೆ, ಅದರ ಒಣಕಸ ಹೂಗಿಡಗಳ ಮೊಳಕೆಯನ್ನು ಮುಚ್ಚುತ್ತದೆ. ಬೇಲಿ ಹಾಕಿದ ಎರಡೇ ವರ್ಷಕ್ಕೆ ನಿಮ್ಮ ಹೊಂಡ ಏಪ್ರಿಲ್ ಬದಲು ಮಾರ್ಚಿಗೇ ಬತ್ತಿ, ಹೂವೂ ಕಡಿಮೆಯಾಗಿದ್ದು ಇದಕ್ಕೆ ಸರಿಹೊಂದುತ್ತದೆ. ನಾವು ನೋಡಿಕೊಳ್ಳುತ್ತಿದ್ದ ಜಮೀನಿನ ತುಂಡಿನಲ್ಲೂ ಹೀಗೇ ಆಗಿತ್ತು.

ಆದರೂ ಮೊದಲು ಬೇಲಿಯಾಚೆ ದನ ಮೇಯುವ ಹೊಂಡವೊಂದರ ಜೊತೆ ಹೋಲಿಸಿ. ಎರಡೂ ಒಟ್ಟಿಗೇ ಬತ್ತಿದರೆ ಮಳೆಯೇ ಸಾಲದಾಗಿರಬಹುದು. ಆಮೇಲೆ ಬೇಲಿ ಕಂಬ ನೆಡುವಾಗ ಹೊಂಡದ ಅಡಿಯ ಗಟ್ಟಿ ಪದರ ಒಡೆದಿತ್ತೇ ಅಂತ ಕೆಲಸ ಮಾಡಿದವರನ್ನೇ ಕೇಳಿ. ಒಡೆದಿದ್ದರೆ ನೀರು ಇಂಗಿಹೋಗುತ್ತದೆ. ದೂರದಿಂದ ಅದನ್ನು ನಾನು ಹೇಳಲಾರೆ.

ಎರಡೂ ಅಲ್ಲವಾದರೆ ಚಳಿಗಾಲದಿಂದ ವಸಂತದವರೆಗೆ ಬೇಲಿಯೊಳಗೆ ಮತ್ತೆ ದನ ಮೇಯಲು ಬಿಡಿ. ಎಷ್ಟು ದನ, ಎಷ್ಟು ದಿನ ಎಂಬುದನ್ನು ಪಕ್ಕದ ವಿಶ್ವವಿದ್ಯಾಲಯದ ಮೀಸಲು ಪ್ರದೇಶದವರ ಜೊತೆ ಕೂತು ನಿಗದಿ ಮಾಡಿ. ಅಲ್ಲೂ ದನ ಮೇಯುತ್ತವೆ. ದಯವಿಟ್ಟು ಹೊಂಡವನ್ನು ಮಾತ್ರ ಅಗೆಯಬೇಡಿ, ಹೂಳು ತೆಗೆಯಬೇಡಿ. ಆ ಒಣ ಮಣ್ಣಿನಲ್ಲೇ ಫೇರಿ ಸೀಗಡಿ ಎಂಬ, ಇಂಥ ಹೊಂಡಗಳಲ್ಲಿ ಬದುಕುವ ಪುಟ್ಟ ಜಲಜೀವಿಯ ಮೊಟ್ಟೆಗಳು ಮುಂದಿನ ಮಳೆಗೆ ಕಾದಿರುತ್ತವೆ. ಫೇರಿ ಸೀಗಡಿಗಳ ಕೆಲವು ಜಾತಿಗಳಿಗೆ ಅಮೆರಿಕದ ಕೇಂದ್ರ ಕಾನೂನಿನ ರಕ್ಷಣೆಯೂ ಇದೆ.