ಕಣ್ಣು ಚೆನ್ನಾಗಿಯೇ ಕಾಣುತ್ತಿರುವಾಗ ಸಕ್ಕರೆ ಕಾಯಿಲೆ ಇರುವ ಅಪ್ಪನಿಗೆ ಓಸಿಟಿ ಸ್ಕ್ಯಾನ್ ಯಾಕೆ?

ಓಸಿಟಿ ಅಂದರೆ ಬೆಳಕಿನಿಂದ ಕಣ್ಣಿನ ಒಳಪದರಗಳ ಚಿತ್ರ ತೆಗೆಯುವ ಪರೀಕ್ಷೆ. ಮಾಡಿಸಿ, ಮುಂದೂಡಬೇಡಿ. ಸಕ್ಕರೆ ಕಾಯಿಲೆಯಿಂದ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ, ಕೆಡಲು ಶುರುವಾದಾಗ ನೋವು ಇರುವುದಿಲ್ಲ, ದೃಷ್ಟಿಯೂ ಮಂಜಾಗುವುದಿಲ್ಲ. ನಿಮ್ಮ ತಂದೆ ತೀರ್ಥಹಳ್ಳಿಯ ತೋಟದಲ್ಲಿ ಆರಾಮಾಗಿ ಓಡಾಡಿಕೊಂಡು, ದಿನಾ ಪೇಪರ್ ಓದುತ್ತಿದ್ದರೂ ಡಾಕ್ಟರು ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿ ಅಂದದ್ದು ಇದಕ್ಕೇ.

ಮೊದಲು ಕೆಡುವುದು ಕೂದಲಿಗಿಂತ ಸಣ್ಣ ರಕ್ತನಾಳಗಳು. ಅವು ಸೋರಿದರೆ ರೆಟಿನಾ ಊದಿಕೊಳ್ಳುತ್ತದೆ. ಅದರ ದಪ್ಪವೇ ಸುಮಾರು ಕಾಲು ಮಿಲಿಮೀಟರ್, ಅದರಲ್ಲಿ ಸ್ವಲ್ಪ ಊತ ಬಂದರೆ ಯಾರಿಗೆ ಗೊತ್ತಾಗುತ್ತೆ ಹೇಳಿ? ಓಸಿಟಿ ಯಂತ್ರ ಕಣ್ಣೊಳಗೆ ಬೆಳಕು ಬಿಟ್ಟು, ಒಂದೊಂದು ಪದರದಿಂದ ವಾಪಸ್ ಬರುವ ಬೆಳಕನ್ನು ಹೋಲಿಸಿ, ಯಾವ ಪದರ ಎಷ್ಟು ಆಳದಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ಅಡಿಕೆ ಹೋಳು ಮಾಡಿದಾಗ ಒಳಗಿನ ಬಿಳಿ, ಕಂದು ಗೆರೆಗಳು ಕಾಣುತ್ತವಲ್ವಾ, ಹಾಗೆ ರೆಟಿನಾವನ್ನು ಮುಟ್ಟದೆಯೇ ಅದರ ಅಡ್ಡಸೀಳಿನ ಚಿತ್ರ ಸಿಗುತ್ತದೆ.

ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ. ಯಂತ್ರದ ಮುಂದೆ ಗದ್ದ ಊರಿ ಸುಮ್ನೆ ಕೂತರೆ ಕೆಲವೇ ನಿಮಿಷ. ಆದರೆ ಇದು ಹೆಚ್ಚಾಗಿ ರೆಟಿನಾದ ನಡುಭಾಗವನ್ನಷ್ಟೇ ತೋರಿಸುತ್ತದೆ, ಅದಕ್ಕೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ನೋಡುವ ಪರೀಕ್ಷೆಯೂ ಬೇಕು. ಆ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಎಲ್ಲಾ ಮಬ್ಬು. ವಾಪಸ್ ಬರುವಾಗ ಅವರ ಕೈಗೆ ಬೈಕ್ ಕೊಡಬೇಡಿ, ನೀವೇ ಜೊತೆಗೆ ಹೋಗಿ.