ಅಮೆರಿಕದಲ್ಲಿ ಬಾಲಾಪರಾಧಿ ಕೇಂದ್ರಕ್ಕೆ ಸೇರಿದ ಹುಡುಗನ ಮೆಡಿಕೇಡ್ ರದ್ದಾಗುತ್ತಾ?

ಒಳಗಿದ್ದಾನೆ ಅನ್ನೋ ಕಾರಣಕ್ಕೇ ರದ್ದು ಮಾಡುವಂತಿಲ್ಲ. ಆದರೆ ತಡೆಹಿಡಿಯಬಹುದು, ಅಂದರೆ ಹೆಸರು ಪಟ್ಟಿಯಲ್ಲೇ ಇರುತ್ತೆ, ಸೌಲಭ್ಯ ಮಾತ್ರ ತಾತ್ಕಾಲಿಕವಾಗಿ ನಿಲ್ಲುತ್ತೆ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಮೆಡಿಕೇಡ್ ಅಂದರೆ ಅಲ್ಲಿ ಕಡಿಮೆ ಆದಾಯದವರಿಗಿರುವ ಸರ್ಕಾರಿ ಆರೋಗ್ಯ ವಿಮೆ. 1965ರಲ್ಲಿ ಶುರುವಾದಾಗಿನಿಂದಲೂ ಒಂದು ನಿಯಮ ಇದೆ. ಸರ್ಕಾರಿ ಬಂಧನದಲ್ಲಿ ಇರುವವರ ಚಿಕಿತ್ಸೆಗೆ ಕೇಂದ್ರ ಸರ್ಕಾರದ ದುಡ್ಡು ಸಿಗುವುದಿಲ್ಲ. ಹೊರಗಿನ ಆಸ್ಪತ್ರೆಗೆ ಒಳರೋಗಿಯಾಗಿ ಸೇರಿಸಿದರೆ ಮಾತು ಬೇರೆ. ಉಳಿದ ಖರ್ಚೆಲ್ಲ ರಾಜ್ಯ ಅಥವಾ ಕೌಂಟಿಯ (ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತದ) ತಲೆ ಮೇಲೆ.

ಹಿಂದೆ ಎಷ್ಟೋ ರಾಜ್ಯಗಳು ಹೆಸರನ್ನೇ ಹೊಡೆದುಹಾಕುತ್ತಿದ್ದವು. ಬಿಡುಗಡೆಯಾದ ಹುಡುಗ ಮತ್ತೆ ಮೊದಲಿಂದ ಅರ್ಜಿ ಹಾಕಬೇಕು. ಅದು ಮಂಜೂರಾಗುವಷ್ಟರಲ್ಲಿ ಕೈಗೆ ಕೊಟ್ಟು ಕಳಿಸಿದ ಆಸ್ತಮಾ ಇನ್‌ಹೇಲರ್ ಖಾಲಿ! 2018ರ ಕಾನೂನು 21 ವರ್ಷದೊಳಗಿನವರಿಗೆ ಇದನ್ನು ತಪ್ಪಿಸಿತು.

2025ರ ಜನವರಿ 1ರಿಂದ ಇನ್ನೊಂದು ನಿಯಮ ಜಾರಿಗೆ ಬಂತು. ಶಿಕ್ಷೆ ತೀರ್ಮಾನವಾದ ಇದೇ ವಯಸ್ಸಿನವರಿಗೆ ಬಿಡುಗಡೆಗೆ ಮುಂಚಿನ 30 ದಿನಗಳಲ್ಲಿ ಮೆಡಿಕೇಡ್‌ನಿಂದಲೇ ದೇಹ, ಹಲ್ಲು, ಮಾನಸಿಕ ಆರೋಗ್ಯದ ತಪಾಸಣೆ ಆಗಬೇಕು. ಹೊರಗೆ ಬಂದ ಮೇಲೂ ಕನಿಷ್ಠ 30 ದಿನ ಡಾಕ್ಟರ್, ಔಷಧಿ ಹೊಂದಿಸಿಕೊಡಲು ಕೇಸ್ ಮ್ಯಾನೇಜರ್ ನೆರವು ಸಿಗಬೇಕು.

ವಿಚಾರಣೆ ಮುಗಿಯದವರಿಗೆ? ಅವರಿಗೆ ಒಳಗಿರುವಾಗಲೇ ಮೆಡಿಕೇಡ್ ಕೊಡುವುದು ಬಿಡುವುದು ರಾಜ್ಯದ ಇಷ್ಟ. ತಪ್ಪು ಸಾಬೀತಾಗದವನಿಗೇ ಖಾತರಿ ಕಡಿಮೆ. ವಿಚಿತ್ರ ಅಲ್ವಾ?